ಬಾಂಬೆ ಅಂತ ತೋರಿಸಿದ ಊಟಿ

ತೊಂಬತ್ತರ ದಶಕದ ಕೊನೆಯ ಮಿಥುನ್ ಚಕ್ರವರ್ತಿ ಪಿಚ್ಚರುಗಳನ್ನು ಒಂದಾದ ಮೇಲೊಂದು ಹಾಕಿಕೊಂಡು ನೋಡಿ. ಸ್ವಲ್ಪ ಹೊತ್ತಿಗೇ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಮಾತಿನಲ್ಲಿ ಬರುವ ಊರು ಬಾಂಬೆ. ಡಾನ್ ಬಾಂಬೆಯವನು, ಕಮಿಷನರ್ ಬಾಂಬೆಯವನು, ಹೀರೋ ಬಾಂಬೆಯ ಕೂಲಿ. ಆದರೆ ಹೊಡೆದಾಟ ಶುರುವಾದ ಕೂಡಲೇ ಹಿಂದೆ ಕಾಣೋದು ನೀಲಗಿರಿ ಮರಗಳ ಸಾಲು, ಏರು ರಸ್ತೆ, ಚಹಾ ತೋಟ. ಬಾಂಬೆಯಲ್ಲಿ ಎಲ್ಲಿಯ ಚಹಾ ತೋಟ? ಅದು ಊಟಿ.

ಕತೆಯೂ ಹೆಚ್ಚು ಕಡಿಮೆ ಒಂದೇ. ಹೀರೋ ಬಡವ, ನಿಯತ್ತಿನವ. ಮನೆಯಲ್ಲಿ ಒಬ್ಬ ತಂಗಿ, ಒಬ್ಬ ವಯಸ್ಸಾದ ಅಪ್ಪ. ಊರಲ್ಲಿ ಒಬ್ಬ ಡಾನ್, ಅವನ ಜೇಬಿನಲ್ಲಿ ಒಬ್ಬ ಮಂತ್ರಿ, ಮಂತ್ರಿಯ ಜೇಬಿನಲ್ಲಿ ಒಬ್ಬ ಇನ್‌ಸ್ಪೆಕ್ಟರ್. ಇಂಟರ್ವಲ್ ಒಳಗೆ ಹೀರೋನ ಮನೆ ಹಾಳಾಗುತ್ತದೆ. ಇಂಟರ್ವಲ್ ಆದ ಮೇಲೆ ಅವನು ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗುತ್ತಾನೆ. ನಡುವೆ ತೋಟದಲ್ಲಿ ಎರಡು ಹಾಡು.

ಈ ಸಿನಿಮಾಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎರಡೇ ಥರ ಬರೆಯುತ್ತಾರೆ. ಒಂದು, ದೊಡ್ಡ ನಟ ಹೀಗಾಗಿಬಿಟ್ಟರಲ್ಲ ಅನ್ನುವ ಕನಿಕರ. ಇನ್ನೊಂದು, ಎಷ್ಟು ಕೆಟ್ಟದಾಗಿದೆ ನೋಡಿ ಅನ್ನುವ ನಗು. ನನಗೆ ಎರಡೂ ಸರಿ ಕಾಣುವುದಿಲ್ಲ. ಆ ವರ್ಷಗಳಲ್ಲಿ ಮಂಕಾಗುತ್ತಿದ್ದದ್ದು ಮಿಥುನ್ ಅಲ್ಲ, ಮಿಥುನ್ ಸಿನಿಮಾ ನೋಡುವ ಜನ ಕೂರುತ್ತಿದ್ದ ಟಾಕೀಸು. ಯಾಕೆ ಹಾಗನ್ನಿಸುತ್ತದೆ ಅಂತ ಸ್ವಲ್ಪ ನಿಧಾನವಾಗಿ ಹೇಳಬೇಕು.

ಮೊದಲು ಹಿಂದಿನದು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಬಂದ ಮಿಥುನ್ 1976ರಲ್ಲಿ ಮೃಣಾಲ್ ಸೇನ್ ಅವರ ‘ಮೃಗಯಾ’ದಲ್ಲಿ ಆದಿವಾಸಿ ಬೇಟೆಗಾರನ ಪಾತ್ರ ಮಾಡಿದರು. ಮೊದಲ ಸಿನಿಮಾಗೇ ರಾಷ್ಟ್ರಪ್ರಶಸ್ತಿ. ಆದರೂ ಬಾಂಬೆಯಲ್ಲಿ ಸರಾಗವಾಗಿ ಕೆಲಸ ಸಿಗಲಿಲ್ಲ. 1979ರ ‘ಸುರಕ್ಷಾ’ದಲ್ಲಿ ಗನ್‌ಮಾಸ್ಟರ್ ಜಿ-9 ಅನ್ನುವ ಗೂಢಚಾರ ಆದ ಮೇಲೆ ಜನ ಗುರುತಿಸಿದರು. 1982ರ ‘ಡಿಸ್ಕೋ ಡ್ಯಾನ್ಸರ್’ ಅಂತೂ ಸೋವಿಯತ್ ರಷ್ಯಾದವರೆಗೆ ಹೋಯಿತು. ಆಗ ಅವರನ್ನು ‘ಬಡವರ ಅಮಿತಾಭ್’ ಅಂತ ಕರೆಯುತ್ತಿದ್ದರು. ಅಮಿತಾಭ್ ಬಚ್ಚನ್ ಕಾಲ್‌ಶೀಟ್ ಸಿಗದ, ಸಿಕ್ಕರೂ ಅಷ್ಟು ದುಡ್ಡು ಕೊಡಲಾಗದ ನಿರ್ಮಾಪಕರು ಮಿಥುನ್ ಬಾಗಿಲಿಗೆ ಬರುತ್ತಿದ್ದರು. 1989ರ ಒಂದೇ ವರ್ಷದಲ್ಲಿ ಅವರು ನಾಯಕರಾಗಿದ್ದ 19 ಸಿನಿಮಾ ಬಿಡುಗಡೆಯಾಗಿ ಲಿಮ್ಕಾ ದಾಖಲೆ ಪುಸ್ತಕ ಸೇರಿತು. ಅಂದರೆ ಕಡಿಮೆ ದುಡ್ಡಿನಲ್ಲಿ, ಬೇಗ ಬೇಗ ಸಿನಿಮಾ ಮಾಡೋದು ಅವರಿಗೆ ಊಟಿಗೆ ಹೋದ ಮೇಲೆ ಬಂದದ್ದಲ್ಲ. ಅವರು ಮೊದಲಿಂದ ಮಾಡಿಕೊಂಡು ಬಂದದ್ದೇ ಅದು.

ತೊಂಬತ್ತರ ನಂತರ ಕಾಲ ಬದಲಾಯಿತು. ಖಾನ್‌ಗಳು ಬಂದರು. ದೊಡ್ಡ ಬ್ಯಾನರುಗಳು ಮಿಥುನ್ ಅವರನ್ನು ಕೇಳೋದು ಕಡಿಮೆಯಾಯಿತು. ಅವರು ಬಾಂಬೆ ಬಿಟ್ಟು ಊಟಿಗೆ ಹೋದರು. ಅಲ್ಲಿ ಅವರದೇ ಮೊನಾರ್ಕ್ ಹೋಟೆಲ್ ಇತ್ತು. ನಿರ್ಮಾಪಕರು ಅಲ್ಲಿಗೇ ಬರತೊಡಗಿದರು.

ಇದರ ಲೆಕ್ಕ ಅರ್ಥವಾಗಬೇಕಾದರೆ ಆಗಿನ ಹಿಂದಿ ಸಿನಿಮಾಗೆ ದುಡ್ಡು ಎಲ್ಲಿಂದ ಬರುತ್ತಿತ್ತು ಅಂತ ಗೊತ್ತಿರಬೇಕು. ಸಿನಿಮಾಗೆ ಸರ್ಕಾರ ಉದ್ಯಮದ ಸ್ಥಾನಮಾನ ಘೋಷಿಸಿದ್ದೇ 1998ರಲ್ಲಿ. ಅಲ್ಲಿಯವರೆಗೆ ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. ನಿರ್ಮಾಪಕ ಫೈನಾನ್ಶಿಯರ್ ಹತ್ತಿರ ಜಾಸ್ತಿ ಬಡ್ಡಿಗೆ ತರಬೇಕಿತ್ತು. ಬಾಂಬೆಯಲ್ಲಿ ಸ್ಟಾರ್ ಇವತ್ತು ಅರ್ಧ ದಿನ ಕೊಟ್ಟರೆ, ಇನ್ನರ್ಧ ದಿನ ಎರಡು ತಿಂಗಳ ನಂತರ. ಸೆಟ್ ಸುಮ್ನೆ ನಿಂತಿರುತ್ತದೆ, ಬಡ್ಡಿ ಓಡುತ್ತಿರುತ್ತದೆ. ಎಷ್ಟೋ ಸಣ್ಣ ನಿರ್ಮಾಪಕರು ಮುಳುಗುತ್ತಿದ್ದದ್ದು ಸಿನಿಮಾ ಓಡದೆ ಅಲ್ಲ, ಸಿನಿಮಾ ಮುಗಿಯದೆ.

ಊಟಿಯಲ್ಲಿ ಆ ತಾಪತ್ರಯವೇ ಇಲ್ಲ. ಸ್ಟಾರ್ ಅಲ್ಲೇ ಇದ್ದಾರೆ. ಯೂನಿಟ್ ಅವರ ಹೋಟೆಲಿನಲ್ಲೇ ಉಳಿಯುತ್ತದೆ. ಬೆಳಗ್ಗೆ ಎದ್ದರೆ ಶೂಟಿಂಗ್, ಕತ್ತಲಾದರೆ ರೂಮು. ಒಂದು ಬಂಗಲೆ ಈ ಸಿನಿಮಾದಲ್ಲಿ ಮಂತ್ರಿಯ ಮನೆ, ಮುಂದಿನದರಲ್ಲಿ ಡಾನ್ ಅಡ್ಡಾ. ಕೆಲವೇ ವಾರಗಳಲ್ಲಿ ಸಿನಿಮಾ ಮುಗಿದು ಡಬ್ಬಿ ಸೇರುತ್ತದೆ. ಟಿ.ಎಲ್.ವಿ. ಪ್ರಸಾದ್, ಕಾಂತಿ ಶಾ, ರಾಜೀವ್ ಬಬ್ಬರ್ ಥರದ ನಿರ್ದೇಶಕರು ಹೀಗೆ ಕೆಲಸ ಮಾಡಿದರು. ಹೋಟೆಲಿಗೆ ಗಿರಾಕಿ, ನಿರ್ಮಾಪಕನಿಗೆ ಸಿನಿಮಾ, ಫೈಟರುಗಳಿಗೆ, ಲೈಟ್‌ಬಾಯ್‌ಗಳಿಗೆ, ಡ್ಯಾನ್ಸರುಗಳಿಗೆ ಕೈತುಂಬ ಕೆಲಸ.

ಇನ್ನು ಮಾರಾಟ. ಹಿಂದಿ ಸಿನಿಮಾ ಏರಿಯಾ ಲೆಕ್ಕದಲ್ಲಿ, ಅಂದರೆ ಸರ್ಕ್ಯೂಟು ಅನ್ನುವ ಒಂದೊಂದು ಹಂಚಿಕೆ ವಲಯಕ್ಕೆ ಬೇರೆ ಬೇರೆಯಾಗಿ ಹೋಗುತ್ತಿತ್ತು. ನಮ್ಮ ಕಡೆಯವರಿಗೆ ಇದು ಗೊತ್ತಿದ್ದರೆ ಖುಷಿಯಾಗುತ್ತದೆ: 1956ರಲ್ಲಿ ರಾಜ್ಯ ಒಂದಾದರೂ ಹಿಂದಿ ಸಿನಿಮಾ ಹಂಚಿಕೆಯವರ ನಕಾಶೆ ಒಂದಾಗಲೇ ಇಲ್ಲ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಇವತ್ತಿಗೂ ಬಾಂಬೆ ಸರ್ಕ್ಯೂಟು. ಕಲಬುರ್ಗಿ, ಬೀದರ್, ರಾಯಚೂರು ನಿಜಾಮ್. ಉಳಿದದ್ದು ಮೈಸೂರು. ನಿರ್ಮಾಪಕ ಒಂದೊಂದು ಏರಿಯಾವನ್ನು ಬೇರೆ ಬೇರೆ ಹಂಚಿಕೆದಾರನಿಗೆ ಮಿನಿಮಮ್ ಗ್ಯಾರಂಟಿಗೆ, ಅಂದರೆ ಸಿನಿಮಾ ಓಡಲಿ ಬಿಡಲಿ ಇಷ್ಟು ದುಡ್ಡು ಕೊಟ್ಟೇ ಕೊಡುತ್ತೇನೆ ಅನ್ನುವ ಮಾತಿನ ಮೇಲೆ ಕೊಡುತ್ತಿದ್ದ. ಪೋಸ್ಟರ್ ಮೇಲೆ ಮಿಥುನ್ ಮುಖ ಇದ್ದರೆ ಬಿ ಸೆಂಟರ್, ಸಿ ಸೆಂಟರ್ ಅನ್ನುವ ಸಣ್ಣ ಊರುಗಳಲ್ಲಿ ಇಷ್ಟು ಬಂದೇ ಬರುತ್ತದೆ ಅನ್ನುವ ಒಂದು ಅಂದಾಜು ಎಲ್ಲರಿಗೂ ಇತ್ತು. ಆ ಅಂದಾಜಿನ ಒಳಗೆ ಸಿನಿಮಾ ಮುಗಿಸಿಬಿಟ್ಟರೆ ಯಾರೂ ಮುಳುಗುವುದಿಲ್ಲ. ಒಂದೇ ಫಾರ್ಮುಲಾ ಯಾಕೆ ಅನ್ನುವುದಕ್ಕೆ ನನಗೆ ಸಿಕ್ಕ ಉತ್ತರವೂ ಇದೇ. ಹಂಚಿಕೆದಾರ ರೀಲು ನೋಡದೆ ಕೊಳ್ಳಬೇಕಾದರೆ ಅದರೊಳಗೆ ಏನಿದೆ ಅಂತ ಅವನಿಗೆ ಮೊದಲೇ ಗೊತ್ತಿರಬೇಕು. ಹೊಸದೇನಾದರೂ ಹಾಕಿದರೆ ಅವನಿಗೆ ಭಯ.

ನೋಡುವವರಿಗೂ ಅಷ್ಟೇ. ನಮ್ಮ ಸೋದರಮಾವ ಹುಬ್ಬಳ್ಳಿ ಎಪಿಎಂಸಿಯಲ್ಲಿ ಹಮಾಲರಾಗಿದ್ದರು. ಮೆಣಸಿನಕಾಯಿ ಹಂಗಾಮಿನಲ್ಲಿ ಅವರ ಹತ್ತಿರ ಕೂತರೆ ನಮಗೂ ಸೀನು ಬರುತ್ತಿತ್ತು. ಎಷ್ಟು ತೊಳೆದರೂ ಕೈಯಿಂದ ಖಾರ ಹೋಗುತ್ತಿರಲಿಲ್ಲ, ಕಣ್ಣು ಒರೆಸಿಕೊಳ್ಳುವ ಹಾಗೂ ಇರಲಿಲ್ಲ. ಚೀಲಕ್ಕಿಷ್ಟು ಅಂತ ಕೂಲಿ. ದುಡ್ಡು ಕೈಗೆ ಬಂದ ದಿನ ರಾತ್ರಿ ಆಟಕ್ಕೆ ಹೋಗೋದು ಅವರ ರೂಢಿ. ರಜೆಗೆ ಹೋದಾಗ ನನ್ನನ್ನೂ ಕರೆಯುತ್ತಿದ್ದರು. “ತಮ್ಮಾ, ಮಿಥುನ್‌ದು ಹೊಸಾ ಪಿಚ್ಚರ್ ಬಂದೈತಿ, ನಡಿ ಹೋಗೂಣು.” ಹೆಸರು ಏನು ಅಂತ ಅವರಿಗೆ ಬೇಕಿರಲಿಲ್ಲ. ಮಿಥುನ್‌ದು ಅಂದರೆ ಸಾಕು.

ಒಂದು ಪಿಚ್ಚರಿನಲ್ಲಿ ಹೀರೋ ಚೀಲ ಹೊರುವ ದೃಶ್ಯ ಬಂತು. ನಾಲ್ಕೈದು ಸೆಕೆಂಡು ಇರಬಹುದು, ಅಷ್ಟೇ. ನಾನು ಅದನ್ನು ಗಮನಿಸಲೇ ಇಲ್ಲ. ಮಾಮಾ ಮುಂದೆ ಬಾಗಿ ನೋಡಿದರು. “ನೋಡಿದ್ಯಾ? ಮೊದಲ ಮೊಣಕಾಲ ಬಗ್ಗಿಸಿದ. ಬೆನ್ನ ಬಗ್ಗಿಸಿದ್ರ ನಡಾ ಹೋಗ್ತೈತಿ. ಅಂವಗ ಗೊತ್ತೈತಿ.” ಪಕ್ಕದಲ್ಲಿದ್ದ ಅವರ ಜೊತೆಯವರೂ ಹೂಂ ಅಂದರು. ಆಮೇಲೆ ಗೋದಾಮಿನಲ್ಲಿ ಮಾಲೀಕನ ಕಡೆಯವನು ಕೂಲಿ ಮುರಿದುಕೊಂಡು ಕೊಟ್ಟಾಗ ಹೀರೋ ಅವನ ಕೊರಳಪಟ್ಟಿ ಹಿಡಿಯುತ್ತಾನೆ. ಟಾಕೀಸೇ ಕಿತ್ತುಹೋಗುವ ಹಾಗೆ ಸೀಟಿ. ಆ ಸೀಟಿ ಹೊಡೆದವರಲ್ಲಿ ಎಷ್ಟು ಜನರಿಗೆ ಅದೇ ವಾರ ಕೂಲಿ ಮುರಿದಿತ್ತೋ.

ಆ ಹೊತ್ತಿಗೆ ದೊಡ್ಡ ಹಿಂದಿ ಸಿನಿಮಾದಲ್ಲಿ ಏನಿತ್ತು? ಹೀರೋ ಲಂಡನ್ನಿನಲ್ಲಿ ಇರುತ್ತಿದ್ದ. ಅವನ ಅಪ್ಪನಿಗೆ ದೊಡ್ಡ ಕಾರ್ಖಾನೆ ಇರುತ್ತಿತ್ತು. ಮನೆಯೊಳಗೆ ಮೆಟ್ಟಿಲು ಎರಡು ಕಡೆಯಿಂದ ಇಳಿಯುತ್ತಿತ್ತು. ಎಪ್ಪತ್ತರ ದಶಕದಲ್ಲಿ ಹಡಗುಕಟ್ಟೆಯ ಕೂಲಿ, ಗಿರಣಿ ಕೆಲಸಗಾರ, ಟ್ರಕ್ ಡ್ರೈವರ್ ದೊಡ್ಡ ಬಜೆಟ್ ಸಿನಿಮಾದ ನಡುಮಧ್ಯೆ ಇದ್ದರು. ತೊಂಬತ್ತರ ದಶಕದಲ್ಲಿ ಅವರೆಲ್ಲ ಅಲ್ಲಿಂದ ಮಾಯವಾದರು. ಅವರಿಗೆ ಉಳಿದದ್ದು ಊಟಿಯ ಈ ಸಿನಿಮಾಗಳು. ಇವು ಕೆಟ್ಟ ಬೆಳಕಿನಲ್ಲಿ ತೆಗೆದವು, ಸರಿ. ಹೊಡೆತದ ಸದ್ದು ಹೊಡೆತಕ್ಕಿಂತ ಮುಂಚೆ ಬರುತ್ತದೆ, ಅದೂ ಸರಿ. ಆದರೆ ಚೀಲ ಹೊರುವವನನ್ನು ಹೀರೋ ಅಂತ ನಿಲ್ಲಿಸಲು ಆಗ ಬೇರೆ ಯಾರು ತಯಾರಿದ್ದರು?

ಮೈಬಣ್ಣದ ಮಾತೂ ಇದೆ. ಮಿಥುನ್ ಕಪ್ಪು. ಅವರು ಬಂದಾಗ ಬಾಂಬೆಯಲ್ಲಿ ಇದನ್ನು ಮುಖಕ್ಕೇ ಹೇಳಿದವರಿದ್ದರು. ಜನ ತನ್ನ ಬಣ್ಣ ನೋಡದೆ ಕಾಲು ನೋಡುವ ಹಾಗೆ ಕುಣಿಯಬೇಕು ಅಂತ ಆಗ ನಿರ್ಧರಿಸಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಗಾಂಧಿ ಕ್ಲಾಸಿನಲ್ಲಿ ಕೂತವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ತಮ್ಮ ಬಣ್ಣದ ಒಬ್ಬ ತೆರೆ ಮೇಲೆ ನಿಂತಿದ್ದು ಅವರಿಗೆ ಕಾಣುತ್ತಿತ್ತು.

ಈ ಸಿನಿಮಾಗಳ ಮೇಲೆ ನನಗಿರುವ ಸಿಟ್ಟನ್ನೂ ಹೇಳಲೇಬೇಕು. ಹೀರೋನ ತಂಗಿ. ಸಿನಿಮಾದಿಂದ ಸಿನಿಮಾಗೆ ಅವಳ ಹಣೆಬರಹ ಅದೇ. ಮೊದಲ ಅರ್ಧ ಗಂಟೆ ರಾಖಿ ಕಟ್ಟಿ ನಗುತ್ತಾಳೆ, ಆಮೇಲೆ ಅವಳ ಮೇಲೆ ಅತ್ಯಾಚಾರ, ಆಮೇಲೆ ಚಟ್ಟ. ಅವಳು ಏನು ಓದುತ್ತಿದ್ದಳು, ಏನು ಬೇಕೆಂದಿದ್ದಳು, ಒಂದಕ್ಕೂ ಉತ್ತರವಿಲ್ಲ. ಹೀರೋಗೆ ಸಿಟ್ಟು ಬರಬೇಕು, ಅದಕ್ಕೊಂದು ಕಾರಣ ಬೇಕು, ಅವಳು ಇರುವುದೇ ಅದಕ್ಕೆ. ಕ್ಯಾಮೆರಾ ಆ ದೃಶ್ಯದಲ್ಲಿ ನಿಲ್ಲುವ ರೀತಿಯಂತೂ ಕ್ಷಮಿಸುವಂಥದ್ದಲ್ಲ. ದುಡ್ಡು ಕಡಿಮೆ ಇತ್ತು ಅನ್ನುವುದು ಇದಕ್ಕೆ ನೆಪವಾಗುವುದಿಲ್ಲ. ಕ್ಯಾಮೆರಾ ಬೇರೆ ಕಡೆ ತಿರುಗಿಸಲು ದುಡ್ಡು ಬೇಕಾಗುವುದಿಲ್ಲ.

ನಮ್ಮ ಅತ್ತೆ 1985ರಲ್ಲಿ ‘ಪ್ಯಾರ್ ಝುಕ್ತಾ ನಹೀ’ ನೋಡಿ ಅತ್ತವರು. ಬಡ ಹುಡುಗ, ಶ್ರೀಮಂತರ ಮನೆ ಹುಡುಗಿ, ಕೂಸು, ಅಗಲಿಕೆ. ಅದರ ಹಾಡು ಅವರ ಬಾಯಲ್ಲಿ ಬಹಳ ದಿನ ಇತ್ತು. ಊಟಿ ಪಿಚ್ಚರುಗಳು ಬರುವ ಹೊತ್ತಿಗೆ ಅವರು ಮಿಥುನ್ ಸಿನಿಮಾಗೆ ಹೋಗೋದನ್ನೇ ಬಿಟ್ಟರು. ಮಾಮಾ ಕರೆಯೋದನ್ನೂ ಬಿಟ್ಟರು. ಟಾಕೀಸಿನಲ್ಲಿ ಹೆಂಗಸರ ಕಡೆಯ ಸಾಲುಗಳು ಖಾಲಿಯಾದವು. ಮನೆಮಂದಿಯೆಲ್ಲ ಬರುವ ಸಿನಿಮಾಗೂ ಗಂಡಸರು ಮಾತ್ರ ಬರುವ ಸಿನಿಮಾಗೂ ಗಲ್ಲಾದಲ್ಲಿ ಬಹಳ ಅಂತರ. ಆ ಫಾರ್ಮುಲಾ ತನ್ನ ನೋಡುಗರಲ್ಲಿ ಅರ್ಧದಷ್ಟು ಜನರನ್ನು ತಾನೇ ಹೊರಗೆ ಕಳಿಸಿತು ಅಂತ ನಾನು ನಂಬುತ್ತೇನೆ.

ಈಗ ‘ಗುಂಡಾ’ ವಿಷಯಕ್ಕೆ ಬರಬೇಕು. ಮಿಥುನ್ ನಾಯಕರಾಗಿದ್ದ 1998ರ ಈ ಕಾಂತಿ ಶಾ ಸಿನಿಮಾ ಬಿಡುಗಡೆಯಾದಾಗ ಅಷ್ಟೇನೂ ಹೆಸರು ಮಾಡಲಿಲ್ಲ. ಇಂಟರ್ನೆಟ್ ಬಂದ ಮೇಲೆ ಕಾಲೇಜು ಹುಡುಗರ ಕೈಗೆ ಸಿಕ್ಕಿ ದೇಶದ ತುಂಬ ಹರಡಿತು. ಹಾಸ್ಟೆಲುಗಳಲ್ಲಿ ಗುಂಪಾಗಿ ಕೂತು ನೋಡಿ ನಗುವ ಸಿನಿಮಾ ಆಯಿತು. ಅದರಲ್ಲಿ ಮುಕೇಶ್ ರಿಷಿ, ಶಕ್ತಿ ಕಪೂರ್, ಮೋಹನ್ ಜೋಶಿ, ಹರೀಶ್ ಪಟೇಲ್ ಮಾಡಿದ ಖಳರು ಒಬ್ಬೊಬ್ಬರಾಗಿ ಬಂದು ತಮ್ಮ ಹೆಸರು, ತಮ್ಮ ಪ್ರತಾಪ ಎಲ್ಲವನ್ನೂ ಪ್ರಾಸ ಕಟ್ಟಿ ಹೇಳಿಕೊಳ್ಳುತ್ತಾರೆ. ನಗುವವರು ಮುಖ್ಯವಾಗಿ ನಗೋದು ಇದಕ್ಕೇ.

ಆದರೆ ನಮ್ಮ ಕಡೆಯ ಬಯಲು ನಾಟಕವಾದ ದೊಡ್ಡಾಟ ನೋಡಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ. ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ‘ತಾವು ಯಾರು’ ಅಂತ ಕೇಳುತ್ತಾನೆ. ರಾಕ್ಷಸ ಆಗಲಿ ರಾಜ ಆಗಲಿ, ತನ್ನ ಹೆಸರು, ಕುಲ, ತಾನು ಯಾರ್ಯಾರನ್ನು ಸೋಲಿಸಿದ್ದೇನೆ ಅನ್ನೋದನ್ನು ತಾನೇ ಎದೆ ತಟ್ಟಿಕೊಂಡು, ಪ್ರಾಸದಲ್ಲಿ, ಗಟ್ಟಿ ದನಿಯಲ್ಲಿ ಒದರುತ್ತಾನೆ. ಕೇಳುವವರಿಗೆ ಅದೇ ಖುಷಿ. ಆ ಸಿನಿಮಾ ಬರೆದವರ ತಲೆಯಲ್ಲಿ ನಮ್ಮ ದೊಡ್ಡಾಟ ಇರಲಿಲ್ಲ, ನಿಜ. ಆದರೆ ದೇಶದ ಎಷ್ಟೋ ಹಳ್ಳಿಗಳಲ್ಲಿ ಈ ಥರದ ಆಟಗಳಿವೆ. ಅಲ್ಲಿಂದ ಬಂದ ನೋಡುಗನಿಗೆ ಖಳ ಹೀಗೇ ಮಾತಾಡಬೇಕು. ಆ ಮಾತುಗಳಲ್ಲಿರುವ ಹೊಲಸು ನನಗೆ ಬೇಡ. ಆದರೆ ಅದರ ಕಟ್ಟಡ ಮೂರ್ಖತನ ಅಲ್ಲ. ಮತ್ತೆ ಆ ನಟರು? ಹರೀಶ್ ಪಟೇಲ್ 2021ರಲ್ಲಿ ಮಾರ್ವೆಲ್ ಕಂಪನಿಯ ‘ಎಟರ್ನಲ್ಸ್’ನಲ್ಲಿ ಕಾಣಿಸಿಕೊಂಡಾಗ ಎಲ್ಲರೂ ಮೆಚ್ಚಿದರು. ಅದೇ ಮನುಷ್ಯ, ಅದೇ ಕಸುಬು.

ಮಿಥುನ್ ವಿಷಯದಲ್ಲೂ ಹಾಗೇ. ಊಟಿಯ ಕಾಲದಲ್ಲಿ ಅವರು ನಟನೆ ಮರೆತಿದ್ದರು ಅನ್ನುವವರು ಕೇಳಬೇಕಾದ ಒಂದು ಹೆಸರಿದೆ: ಜಿ.ವಿ. ಅಯ್ಯರ್. ‘ಹಂಸಗೀತೆ’ ಮಾಡಿದ, ಸಂಸ್ಕೃತದಲ್ಲಿ ‘ಆದಿ ಶಂಕರಾಚಾರ್ಯ’ ಮಾಡಿದ, ಚಪ್ಪಲಿ ಹಾಕದೆ ಬರಿಗಾಲಲ್ಲೇ ಓಡಾಡುತ್ತಿದ್ದ ನಮ್ಮ ಅಯ್ಯರ್ ‘ಸ್ವಾಮಿ ವಿವೇಕಾನಂದ’ ಸಿನಿಮಾ ತೆಗೆಯುವಾಗ ರಾಮಕೃಷ್ಣ ಪರಮಹಂಸರ ಪಾತ್ರಕ್ಕೆ ಕರೆದದ್ದು ಮಿಥುನ್ ಅವರನ್ನು. ಆ ಪಾತ್ರಕ್ಕೆ ಅವರಿಗೆ ಮೂರನೆಯ ರಾಷ್ಟ್ರಪ್ರಶಸ್ತಿ ಬಂತು, 1995ರ ಸಾಲಿನಲ್ಲಿ. ಎರಡನೆಯದು 1992ರ ಬಂಗಾಳಿ ಸಿನಿಮಾ ‘ತಾಹಾದೇರ್ ಕಥಾ’ಗೆ. ಅದೇ 1995ರಲ್ಲಿ ಟಿ.ಎಲ್.ವಿ. ಪ್ರಸಾದ್ ಅವರ ‘ಜಲ್ಲಾದ್’ ಬಂತು. ಸತ್ಯರಾಜ್ ಅಭಿನಯದ ತಮಿಳಿನ ‘ಅಮೈದಿ ಪಡೈ’ಯ ರೀಮೇಕು. ಅದರಲ್ಲಿ ಮಿಥುನ್ ಕೆಟ್ಟ ಅಪ್ಪ, ಒಳ್ಳೆಯ ಮಗ ಎರಡೂ ಆದರು. ಆ ಅಪ್ಪನ ಪಾತ್ರಕ್ಕೆ ಫಿಲ್ಮ್‌ಫೇರ್‌ನ ಅತ್ಯುತ್ತಮ ಖಳನಟ ಪ್ರಶಸ್ತಿ.

ಪರಮಹಂಸರಾಗಿ ಅವರು ನಗುವುದನ್ನು ಒಮ್ಮೆ ನೋಡಿ. ತುಟಿ ಸ್ವಲ್ಪ ತೆರೆದಿರುತ್ತದೆ, ಕಣ್ಣು ಅರ್ಧ ಮುಚ್ಚಿರುತ್ತದೆ, ಮಾತು ತೊದಲುತ್ತದೆ. ಹೊಡೆದಾಟದ ಹೀರೋನ ಗಟ್ಟಿ ಮೈ ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ. ಆ ಮೈಯನ್ನು ಬೇಕಾದಾಗ ಇಳಿಸಿ ಇಡಲು ಬರುತ್ತಿತ್ತು ಅವರಿಗೆ. ಹಾಗಾದರೆ ಉಳಿದ ದಿನ ಅದನ್ನೇ ಹೊತ್ತುಕೊಂಡು ಓಡಾಡಿದ್ದು ಬೇರೆ ದಾರಿ ಇಲ್ಲದೆ ಅಲ್ಲ. ಅದನ್ನು ಕೇಳುವ ಜನ ಇದ್ದರು, ಅವರಿಗೆ ಕೊಟ್ಟರು.

ಆ ಜನ ಕೂರುವ ಜಾಗ ಒಂದೊಂದಾಗಿ ಮುಚ್ಚಿತು. ಮೊದಲು ಕೇಬಲ್ ಬಂತು, ಮಧ್ಯಾಹ್ನ ಟಿವಿಯಲ್ಲೇ ಮಿಥುನ್. ಆಮೇಲೆ ಸಿಡಿ. ದಿಲ್ಲಿಯಲ್ಲಿ 1997ರಲ್ಲಿ ಶುರುವಾದ ಮಲ್ಟಿಪ್ಲೆಕ್ಸು ನಮ್ಮ ಕಡೆಗೂ ಬಂತು. ಅಲ್ಲಿಯ ಒಂದು ಟಿಕೆಟ್ಟಿನ ದುಡ್ಡಿಗೆ ಮಾಮಾ ಎಷ್ಟು ಚೀಲ ಹೊರಬೇಕು ಅಂತ ಲೆಕ್ಕ ಹಾಕಿದರೆ ಸಾಕು, ಅವರು ಯಾಕೆ ಹೋಗಲಿಲ್ಲ ಅಂತ ತಿಳಿಯುತ್ತದೆ. ಅವರು ಕರೆದುಕೊಂಡು ಹೋಗುತ್ತಿದ್ದ ಟಾಕೀಸು ಈಗ ಮದುವೆ ಹಾಲ್. ನೋಡುಗರೇ ಬರದ ಮೇಲೆ ಹಂಚಿಕೆದಾರ ಯಾವ ಧೈರ್ಯದಲ್ಲಿ ಗ್ಯಾರಂಟಿ ಕೊಡುತ್ತಾನೆ? ಊಟಿಯ ಲೆಕ್ಕ ಅಲ್ಲಿಗೆ ಮುಗಿಯಿತು.

ಮಿಥುನ್ ಮುಗಿಯಲಿಲ್ಲ. 2006ರಲ್ಲಿ ಬಂಗಾಳಿಯ ‘ಎಂಎಲ್ಎ ಫಾಟಾಕೆಷ್ಟೋ’ ಜೋರಾಗಿ ಓಡಿತು. 2007ರಲ್ಲಿ ‘ಗುರು’ವಿನಲ್ಲಿ ಪತ್ರಿಕಾ ಸಂಪಾದಕರಾದರು. 2009ರಿಂದ ಟಿವಿಯ ಡ್ಯಾನ್ಸ್ ಸ್ಪರ್ಧೆಯಲ್ಲಿ ಮಕ್ಕಳೆಲ್ಲ ಅವರನ್ನು ಗ್ರ್ಯಾಂಡ್ ಮಾಸ್ಟರ್ ಅಂತ ಕರೆದರು. 2018ರಲ್ಲಿ ಕನ್ನಡಕ್ಕೂ ಬಂದರು, ಶಿವರಾಜ್‌ಕುಮಾರ್ ಮತ್ತು ಸುದೀಪ್ ಜೊತೆ ‘ದಿ ವಿಲನ್’ನಲ್ಲಿ. 2024ರ ಅಕ್ಟೋಬರ್ 8ರಂದು ದಿಲ್ಲಿಯಲ್ಲಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ತೆಗೆದುಕೊಳ್ಳಲು ಬಂದಾಗ ಒಂದು ಕೈಗೆ ಪಟ್ಟಿ ಕಟ್ಟಿತ್ತು. ಬಣ್ಣದ ಮಾತು, ಕಾಲಿನ ಮಾತು ಅವರು ಹೇಳಿದ್ದು ಅಲ್ಲೇ. ಪ್ರಶಸ್ತಿ ಕೊಟ್ಟವರು ರಾಷ್ಟ್ರಪತಿ ದ್ರೌಪದಿ ಮುರ್ಮು, ಒಡಿಶಾದ ಸಂತಾಲ ಸಮುದಾಯದವರು. ಒಡಿಯಾ ಕತೆಗಾರ ಭಗವತೀಚರಣ ಪಾಣಿಗ್ರಾಹಿ ಅವರ ಕತೆಯಿಂದ ಹುಟ್ಟಿದ ಸಿನಿಮಾದಲ್ಲಿ ಆದಿವಾಸಿಯಾಗಿ ಶುರು ಮಾಡಿದ ನಟನಿಗೆ ಇದಕ್ಕಿಂತ ಒಳ್ಳೆಯ ಕೈಯಿಂದ ಪ್ರಶಸ್ತಿ ಸಿಗಲು ಸಾಧ್ಯವಿರಲಿಲ್ಲ ಅಂತ ನನಗೆ ಅನ್ನಿಸಿತು. ಆವತ್ತು ಬಂದ ಲೇಖನಗಳಲ್ಲಿ ‘ಮೃಗಯಾ’ ಇತ್ತು, ‘ಡಿಸ್ಕೋ ಡ್ಯಾನ್ಸರ್’ ಇತ್ತು, ‘ಅಗ್ನಿಪಥ್’ ಇತ್ತು. ನಾನು ಓದಿದ ಲೇಖನಗಳು ಊಟಿಯ ವರ್ಷಗಳನ್ನು ಒಂದು ಸಾಲಿನಲ್ಲಿ ದಾಟಿ ಹೋದವು.

ಅದೇ ನನಗೆ ಬೇಜಾರು. ಆ ಸಿನಿಮಾಗಳು ಯೂಟ್ಯೂಬಿನಲ್ಲಿ ಸಿಗುತ್ತವೆ, ಅಂಚು ಕತ್ತರಿಸಿದ, ಬಣ್ಣ ಮಾಸಿದ ಪ್ರಿಂಟು. ಆದರೆ ಅವು ಹೇಗೆ ತಯಾರಾದವು ಅನ್ನೋದನ್ನು ಯಾರಾದರೂ ಕೂತು ಬರೆದಿಟ್ಟಿದ್ದು ನಾನು ಕಂಡಿಲ್ಲ. ಜೀಪಿನ ಡ್ರೈವರುಗಳು, ಅಡುಗೆಯವರು, ಗಾಜು ಒಡೆದುಕೊಂಡು ಬೀಳುತ್ತಿದ್ದ ಫೈಟರುಗಳು, ಗುಂಪಿನಲ್ಲಿ ನಿಲ್ಲಲು ಹೋಗುತ್ತಿದ್ದ ಸುತ್ತಲಿನ ಹಟ್ಟಿಗಳ ಬಡಗ ಸಮುದಾಯದವರು, ಇವರಲ್ಲಿ ಎಷ್ಟೋ ಜನ ಇನ್ನೂ ಇದ್ದಾರೆ. ಊಟಿ ನಮಗೇನು ದೂರ ಅಲ್ಲ, ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಹಾಯ್ದರೆ ಆಯಿತು. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಆ ಯೂನಿಟ್‌ಗಳಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಕೇಳಿ ಬರೆದಿಡಿ. ದಿನಕ್ಕೆ ಎಷ್ಟು ಕೊಡುತ್ತಿದ್ದರು, ಎಷ್ಟು ಹೊತ್ತಿಗೆ ಎಬ್ಬಿಸುತ್ತಿದ್ದರು, ಮಳೆ ಬಂದ ದಿನ ಏನು ಮಾಡುತ್ತಿದ್ದರು, ಒಂದು ಸಿನಿಮಾ ಮುಗಿದು ಇನ್ನೊಂದು ಶುರುವಾಗಲು ಎಷ್ಟು ದಿನ ಬಿಡುವು ಸಿಗುತ್ತಿತ್ತು, ಮಧ್ಯಾಹ್ನದ ಊಟಕ್ಕೆ ಮಿಥುನ್ ಎಲ್ಲಿ ಕೂರುತ್ತಿದ್ದರು ಅಂತ.